ಬಿಳಿ ಇಲಿಗಳಿಗೆ ಟೋಸ್ಟು ಹಂಚಿದ ಪಕ್ಕೀರಪ್ಪ

ತೆಲಿಗಿಯ ಪಕ್ಕೀರಪ್ಪ ಹರಪನಹಳ್ಳಿಯ ಔಷಧ ವಿಜ್ಞಾನ ಕಾಲೇಜೊಂದರಲ್ಲಿ ಒಂಬತ್ತು ವರ್ಷಗಳಿಂದ ಬಿಳಿ ಇಲಿಗಳನ್ನು ಸಾಕುತ್ತಿದ್ದ. ಬಸ್ಸಿನಲ್ಲಿ ಗೆಳೆಯ ಮರುಳಪ್ಪ, "ಏನಲೇ, ಗಣಪ್ಪನ ವಾಹನ ಎಲ್ಲಾ ಆರಾಮ ಅದಾವೇನು?" ಎಂದು ಕೆಣಕಿದರೆ, "ನಿನಗಿಂತ ಶಾಣ್ಯಾ ಅದಾವ ಬಿಡಲೇ" ಎನ್ನುತ್ತಿದ್ದ.

೨೦೦೪ರಲ್ಲಿ ಕೊಟ್ಟೂರಿನ ಶಾಂಭವಿ ಅಲ್ಲಿ ಸಂಶೋಧನೆಗೆ ಸೇರಿದಳು. ಅವಳ ಎಡಸಾಲಿನ ಪಂಜರಗಳಲ್ಲಿ ಸಾಮಾನ್ಯ ಇಲಿಗಳು. ಬಲಸಾಲಿನವಕ್ಕೆ ಹುಟ್ಟಿನಿಂದಲೇ ಮೆದುಳಿನ ಒಂದು ಪ್ರೋಟೀನು ಇರಲಿಲ್ಲ.

"ಒಂದು ನರ ಇನ್ನೊಂದಕ್ಕ ಸುದ್ದಿ ಮುಟ್ಟಸ್ತತಲ್ಲ ಪಕ್ಕೀರಣ್ಣ, ಆ ಸಂದಿನಾಗ ಕೆಲಸ ಮಾಡೋ ಪ್ರೋಟೀನದು. ಅದಿಲ್ಲದಿದ್ರ, ಹುರುಪು ಕೊಡೋ ಡೋಪಮಿನ್ ಆಟ ನಡೀತತೋ ಇಲ್ಲೋ ನೋಡಬೇಕು," ಎಂದಿದ್ದಳು.

ಎರಡೂ ಸಾಲಿನಲ್ಲಿ ಕೆಲವಕ್ಕೆ ಚುರುಕೇರಿಸುವ ಔಷಧ, ಉಳಿದವಕ್ಕೆ ಬರಿಯ ಉಪ್ಪುನೀರು ಚುಚ್ಚಿ, ಗೆರೆ ಎಳೆದ ಪೆಟ್ಟಿಗೆಯಲ್ಲಿ ಎಷ್ಟು ಓಡಾಡಿದವೆಂದು ಬರೆದುಕೊಳ್ಳುತ್ತಿದ್ದಳು. ಮೂರು ತಿಂಗಳಾದರೂ ಫಲಿತಾಂಶ ಕೂಡಿಬರಲಿಲ್ಲ. ಎಡಸಾಲಿನಲ್ಲಿ ಉಪ್ಪುನೀರಿನ ಇಲಿಗಳೂ ಔಷಧ ಬಿದ್ದವುಗಳಂತೆ ಓಡುತ್ತಿದ್ದವು.

"ಹಿಂಗಾದ್ರ ನನ್ನ ಪ್ರಬಂಧ ಮುಳುಗ್ತತಿ" ಎಂದು ಅವಳು ಊಟ ಬಿಟ್ಟು ಕೂತಾಗ ಪಕ್ಕೀರಪ್ಪನಿಗೆ ತನ್ನ ಬೆಳಗಿನ ಟೋಸ್ಟು ನೆನಪಾಯಿತು.

ಎದುರಿಗಿದ್ದ ಜೀವಕ್ಕೆ ಕೊಡದೆ ತಾನು ತಿನ್ನಬಾರದೆಂಬುದು ತಾಯಿ ದುರುಗಮ್ಮ ಹಾಕಿಕೊಟ್ಟ ರೂಢಿ. ಬೆಳಗ್ಗೆ ಕಡಕ್ ಚಹಾದಲ್ಲಿ ಟೋಸ್ಟು ಅದ್ದಿ ತಿನ್ನುವಾಗ ಅವನು ಪಂಜರಕ್ಕೊಂದು ಚೂರು ಹಾಕುತ್ತಿದ್ದ. ತನ್ನ ನಿದ್ದೆಯನ್ನೇ ಓಡಿಸುವ ಚಹಾ ಅಂಗೈಯಗಲದ ಇಲಿಗೆ ಏನು ಮಾಡೀತು! ಹೇಳಿದರೆ ಕೆಲಸ ಹೋದೀತು; ಅವನದು ಕಾಯಂ ನೌಕರಿಯಲ್ಲ. ಹೇಳದಿದ್ದರೆ ಈ ಹುಡುಗಿ ಮುಳುಗುತ್ತಾಳೆ.

"ಅಕ್ಕಾರ, ತಪ್ಪು ನಂದೈತ್ರಿ" ಎಂದು ಎಲ್ಲವನ್ನೂ ಹೇಳಿಬಿಟ್ಟ.

"ಅಯ್ಯೋ ಪಕ್ಕೀರಣ್ಣ! ಚಹಾನೂ ಹುರುಪು ಏರಸ್ತತಿ. ಹೊಳ್ಯಾಗ ಹುಣಸಿಹಣ್ಣು ತೊಳದಂಗಾತಲ್ಲ!"

"ನಾ ಕೆಲಸ ಬಿಟ್ಟು ಹೋಗ್ತೀನ್ರಿ."

ಶಾಂಭವಿ ಓಟದ ಲೆಕ್ಕ ಬರೆದ ಹಾಳೆಗಳನ್ನು ತಿರುವಿಹಾಕಿದಳು. ಆಮೇಲೆ, "ಬಲಸಾಲಿನವಕ್ಕೂ ಹಾಕಿದ್ರೇನು?" ಎಂದಳು.

"ಹಾಕೀನ್ರಿ. ಅವು ಎಡಸಾಲಿನವುಗಳಂಗ ಜಿಗಿದು ಬರಂಗಿಲ್ಲ. ಮೂಸಿ, ಹೊಳ್ಳಿ ಮಲಕ್ಕೊಂತಾವ. ಚೂರು ಸಂಜಿತನಕ ಹಂಗ ಬಿದ್ದಿರ್ತತಿ."

ಅವಳು ತಟ್ಟನೆ ತಲೆ ಎತ್ತಿದಳು. ಇಷ್ಟು ದಿನ ಓಟವನ್ನಷ್ಟೇ ನೋಡಿದ್ದಳು, ತಿನ್ನುವ ಆಸೆಯನ್ನಲ್ಲ; ಆ ಆಸೆ ಹುಟ್ಟಿಸುವುದೂ ಡೋಪಮಿನ್ನೇ.

"ಇದನ್ನ ಮೊದಲ ಯಾಕ ಹೇಳಲಿಲ್ಲ?"

"ಯಾರರ ಕೇಳಿದ್ರೇನ್ರಿ?"

ಬೇಸರದಲ್ಲೂ ಅವಳಿಗೆ ನಗು ಬಂತು. ಮೂರು ತಿಂಗಳ ಹಾಳೆಗಳಿಗೆ ಅಡ್ಡಗೆರೆ ಎಳೆದಳು. "ಎಲ್ಲಾ ಮೊದಲಿಂದ ಮಾಡಬೇಕು. ಇನ್ಮ್ಯಾಗ ಚಹಾ ಹೊರಗ ಕುಡೀರಿ. ನೀವು ಹೋದ್ರ ಇವುಗಳ ಗುಣ ನನಗ ಯಾರು ಹೇಳ್ಬೇಕು?"

ಹೊಸ ಹಾಳೆ ತೆರೆದು ಪೆನ್ನು ಹಿಡಿದಳು. "ಹೇಳ್ರಿ, ಬಲಸಾಲಿನ ಮೊದಲ್ನೇದು. ಒಂದ್ಸಲನಾದ್ರೂ ಬಾಯಿ ಹಾಕೈತೇನು?"

ಪಕ್ಕೀರಪ್ಪ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತು ನೆನಪು ಮಾಡಿಕೊಳ್ಳತೊಡಗಿದ.