ಬೀರುವಿನ ಬೀಗದಲ್ಲಿ ಕುಂಬಾರ ಹುಳು

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ದೇವರಾಜ ಮೊಹಲ್ಲಾದ ನಮ್ಮ ಬಾಡಿಗೆ ಮನೆಗೆ ಒಂದು ಕುಂಬಾರ ಹುಳು ಬಂತು. ನಡುಮನೆಯ ಬೀರುವಿನ ಬೀಗದ ತೂತಿಗೆ ಇಣುಕಿ ನೋಡಿ, ಹೊರಗೆ ಹೋಗಿ, ಬಚ್ಚಲ ಮೋರಿಯಿಂದ ಮಣ್ಣಿನುಂಡೆ ತಂದು ಕೆಲಸ ಶುರು ಮಾಡೇಬಿಟ್ಟಿತು.

ನನಗೋ ಹುಳುಗಳ ಹುಚ್ಚು. ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ನೋಡಿ ಕಲಿತದ್ದು. ಎರಡು ದಿನ ಬೀರುವಿನ ಮುಂದೆ ಮಣೆ ಹಾಕಿಕೊಂಡು ಕೂತೆ. ಅದು ಒಂದೊಂದೇ ಹಸಿರು ಹುಳುವನ್ನು ಹೊತ್ತು ತಂದು ಒಳಗೆ ತುಂಬಿತು. ಹುಟ್ಟಲಿರುವ ಮರಿಗೆ ಊಟ ಅದು! ಕೊನೆಗೆ ತೂತಿನ ಬಾಯಿಗೆ ಮಣ್ಣು ಮೆತ್ತಿ ಹಾರಿಹೋಯಿತು.

ಮಾರನೇ ದಿನವೇ ನನಗೆ ಗುಮಾಸ್ತೆ ಕೆಲಸದ ಸಂದರ್ಶನಕ್ಕೆ ಕಾಗದ ಬಂತು. ನಾಳಿದ್ದೇ ಹೋಗಬೇಕು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತರಬೇಕು. ಅಂಕಪಟ್ಟಿ ಇದ್ದದ್ದು ಬೀಗ ಹಾಕಿದ್ದ ಬೀರುವಿನೊಳಗೆ.

ಕಡ್ಡಿ ಹಿಡಿದು ಮಣ್ಣು ಕೆರೆಯಲು ಹೋದೆ. ಅಡುಗೆಮನೆಯಿಂದ ಅಜ್ಜಿ ಓಡಿ ಬಂದರು.

“ಮುಟ್ಟೀಯ, ಜೋಕೆ! ಮನೇಲಿ ಬಸುರಿ ಇದಾಳೆ, ಈಗ ಗೂಡು ಒಡೀತೀಯೇನೋ?”

ಹೆರಿಗೆಗೆಂದು ಬಂದಿದ್ದ ಅಕ್ಕ ಕೂತಲ್ಲಿಂದಲೇ ನಕ್ಕಳು. “ಸೀರೆ ತೆಗೀತೀನಿ ಅಂದ್ರೆ ‘ಶ್, ಹೆದರ್ಕೊಂಬುಡುತ್ತೆ’ ಅಂತ ನನ್ನೇ ಓಡಿಸ್ದೆ. ಈಗ ಅನುಭವಿಸು.”

“ನಂಗೆ ಕೆಲ್ಸ ಬೇಡ್ವೇನಜ್ಜಿ?”

“ಬೇಕು ಕಣೋ. ಅದಕ್ಕೂ ಒಂದು ಮನೆ ಬೇಕಲ್ವಾ? ಬೇರೆ ದಾರಿ ನೋಡು.”

ಬಸುರಿ ಇರುವಾಗ ಗೂಡು ಒಡೆದರೆ ಕೇಡು ಅನ್ನುವುದನ್ನು ನಾನು ನಂಬುತ್ತಿರಲಿಲ್ಲ. ಆದರೆ ಆ ತಾಯಿ ಎಷ್ಟು ಸಲ ಬಂದು ಹೋಗಿತ್ತು ಎಂದು ಕಣ್ಣಾರೆ ಕಂಡವನು ನಾನೊಬ್ಬನೇ. ಕಡ್ಡಿ ಎಸೆದೆ. ಊಟ ಸೇರಲಿಲ್ಲ.

ಸಂಜೆ ಅಪ್ಪ ಬಂದು ಎಲ್ಲ ಕೇಳಿಸಿಕೊಂಡರು. “ಲೋ, ಬೀರುಗೆ ಮುಂದ್ಗಡೆ ಒಂದೇ ಏನೋ ಇರೋದು?” ಎಂದರು.

ಇಬ್ಬರೂ ಸೇರಿ ಬೀರುವನ್ನು ಗೋಡೆಯಿಂದ ಎಳೆದೆವು. ಹಿಂದೆ ಎರಡು ಹಲ್ಲಿ, ಒಂದು ದೊಡ್ಡ ಜೇಡ. ನಾವು ನಮ್ಮದೆಂದುಕೊಂಡ ಮನೆಯಲ್ಲಿ ಎಷ್ಟು ಸಂಸಾರ! ಅಪ್ಪ ಇಕ್ಕಳದಿಂದ ಹಿಂದಿನ ಹಲಗೆಯ ಮೊಳೆ ಕಿತ್ತರು. ನಾನು ಕೈ ತೂರಿಸಿ ಅಕ್ಕನ ಸೀರೆಗಳ ಅಡಿಯಲ್ಲಿ ತಡಕಿದೆ. ಅಂಕಪಟ್ಟಿ ಕೈಗೆ ಸಿಕ್ಕಿತು. ಅಬ್ಬ! ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆಮೇಲೆ ಎಷ್ಟೋ ದಿನ ನಾವು ಬೀರುವಿನ ಹಿಂದಿನಿಂದಲೇ ಬಟ್ಟೆ ತೆಗೆದುಕೊಂಡೆವು. ಮರಿ ಗೂಡು ಕೊರೆದು ಹೊರಬಂದದ್ದನ್ನು ನೋಡುವ ಭಾಗ್ಯ ಅಜ್ಜಿಗೆ ಸಿಕ್ಕಿತು. ಆ ಹೊತ್ತಿಗೆ ನಾನು ಕಚೇರಿಯಲ್ಲಿದ್ದೆ.