ಖಾಲಿ ಗೂಟದ ಉಣ್ಣೆ

ಅವ್ವನ ಯಾವ ಸೀರೆ ನೋಡಿದರೂ ಬಲತೊಡೆಯ ಮೇಲೆ ಒಂದು ತೇಪೆ ಇರುತ್ತಿತ್ತು. ಹೊಸ ಸೀರೆಯೂ ಆರು ತಿಂಗಳಿಗೆ ಅದೇ ಜಾಗದಲ್ಲಿ ಸವೆದು ಜಾಳಾಗುತ್ತಿತ್ತು. ಕೂತಲ್ಲೆಲ್ಲ ಕದಿರನ್ನು ತೊಡೆಗೆ ಒತ್ತಿ ಸರ್ರನೆ ತಿರುಗಿಸಿ ಕುರಿಯುಣ್ಣೆ ನೂಲುವುದು ಅವಳ ಅಭ್ಯಾಸ. ಮಾತಾಡುವಾಗಲೂ, ನಗುವಾಗಲೂ, ಇನ್ನೊಬ್ಬರಿಗೆ ಬೈಯುವಾಗಲೂ ಕದಿರು ತಿರುಗುತ್ತಲೇ ಇರಬೇಕು. ಅದು ನಿಂತಿತೆಂದರೆ ಅವ್ವನಿಗೆ ನಿಜವಾಗಿ ನೋವಾಗಿದೆ ಎಂದೇ ಅರ್ಥ. ನನ್ನೆದುರು ಅದು ಒಮ್ಮೆ ನಿಂತಿತ್ತು.

ನಾನು ಪರಶುರಾಂಪುರ ಹೋಬಳಿಯ ಒಂದು ಗ್ರಾಮ ಪಂಚಾಯ್ತಿಗೆ ಕಾರ್ಯದರ್ಶಿಯಾಗಿ ಹೋದಾಗ ಅವಳು ಅಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದಳು. ಊರ ನಡುವೆ ಒಂದು ಹಳೇ ಮಾಳಿಗೆ ಮನೆ. ಅದರ ವಾರಸುದಾರರು ಊರಿಗೇ ಇರಲಿ ಎಂದು ಪಂಚಾಯ್ತಿಗೆ ಬರೆದುಕೊಟ್ಟಿದ್ದರು, ಪಂಚಾಯ್ತಿಯವರು ಅದರಲ್ಲೊಂದು ಸಣ್ಣ ಮ್ಯೂಸಿಯಂ ಮಾಡಿದ್ದರು. ಗುಡಾಣ, ಕೊಳಗ, ಬೀಸುವ ಕಲ್ಲು, ಕಂಬಳಿ ಮಗ್ಗ, ಗೋಡೆಯ ಗೂಟಗಳಿಗೆ ತೂಗುಹಾಕಿದ ಹಳೇ ಕಂಬಳಿಗಳು, ಎಲ್ಲವೂ ಊರವರೇ ತಂದುಕೊಟ್ಟದ್ದು. ಬೀಗದ ಕೈ ಮಾತ್ರ ಅವ್ವನ ಸೊಂಟದಲ್ಲಿ. ಶಾಲೆ ಮಕ್ಕಳು ಅವಳನ್ನು ಮ್ಯೂಸಿಯಂ ಅವ್ವ ಎನ್ನುತ್ತಿದ್ದರು. ನನಗೂ ಅವಳು ಅವ್ವನೇ ಆದಳು.

ಆ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ, ಅಧ್ಯಕ್ಷರಾದರೂ ಅಷ್ಟೇ. ಮಳೆಗಾಲಕ್ಕೆ ಮುಂಚೆ ಅವ್ವ ನನ್ನ ಬೆನ್ನು ಹತ್ತಿ ಟ್ರ್ಯಾಕ್ಟರ್ ಕಳಿಸುವಂತೆ ಮಾಡಿ, ಕೆರೆ ಅಂಚಿನ ಚೌಳು ಮಣ್ಣು ತರಿಸಿ, ಮಳೆ ಸೋರದಂತೆ ತಾನೇ ಮಾಳಿಗೆ ಹತ್ತಿ ಹರವುತ್ತಿದ್ದಳು. "ಮನೆ ಅಂದ್ಮೇಲೆ ಅದರ ನೆತ್ತಿ ನೋಡ್ಕಬೇಕಮ್ಮ" ಎನ್ನುತ್ತಿದ್ದಳು. ಮುಟ್ಟಬಾರದು ಎಂಬ ಬೋರ್ಡು ಬರೆಸಿ ತಂದರೆ ಅದನ್ನು ಬಾಗಿಲ ಹಿಂದೆ ತಿರುಗಿಸಿಟ್ಟು, ಮಕ್ಕಳ ಕೈಯಲ್ಲಿ ಕಲ್ಲು ಬೀಸಿಸಿದಳು. ನನಗೆ ಮೈಯೆಲ್ಲ ಉರಿ. ಆಗ ನಾನು ರೂಲ್ಸು ಅಂದರೆ ರೂಲ್ಸು ಎನ್ನುವ ಹೆಂಗಸು.

ಒಂದು ದಿನ ದಾಸ್ತಾನು ಪುಸ್ತಕ ಹಿಡಿದು ಒಳಗೆ ಹೋದೆ. ಮೂರು ಗೂಟ ಖಾಲಿ! ಒಂದೊಂದಕ್ಕೂ ಚೂರು ಚೂರು ಉಣ್ಣೆ ಕಟ್ಟಿತ್ತು.

"ಕಂಬಳಿ ಎಲ್ಲವ್ವ?"

"ಹೋಗೈತೆ, ಬರ್ತೈತೆ ಬುಡಮ್ಮ. ಕಂಬಳಿ ಕೊಟ್ಟೋರ ಮನ್ಯಾಗೆ ದೇವರ ಕೆಲಸ ಐತೆ. ಒಯ್ಯೋವಾಗ ಅವರ ಕುರಿ ಉಣ್ಣೆ ಕಟ್ಟಿ ಹೋಗ್ತಾರೆ. ಯಾರ ಹಟ್ಟೀದು ಅಂತ ನಂಗೆ ಮುಟ್ಟಿದ್ರೇ ತಿಳೀತೈತೆ."

"ಇದೇನು ನಿಮ್ಮಪ್ಪನ ಮನೆ ಸಾಮಾನಾ, ಬೇಕಾದವರಿಗೆ ಕೊಡೋಕೆ?"

"ನಮ್ಮಪ್ಪಂದಲ್ಲ ಕಣಮ್ಮ, ಅವ್ರಪ್ಪಂದು" ಎಂದಳು, ಕದಿರು ತಿರುಗಿಸುತ್ತಲೇ.

ಅದೇ ಹೊತ್ತಿಗೆ ಮೇಲಿನಿಂದ ಕಾಗದ ಬಂತು. ಅಧಿಕಾರಿಯೊಬ್ಬರು ಬಂದು ನೋಡುತ್ತಾರೆ, ನಿರ್ವಹಣೆ ಸರಿಯಿಲ್ಲದಿದ್ದರೆ ಸಾಮಾನನ್ನೆಲ್ಲ ಪಟ್ಟಣಕ್ಕೆ ಸಾಗಿಸಿ, ಮನೆಯನ್ನು ಗೋದಾಮಿಗೆ ಬಿಡುವುದು ಎಂದಿತ್ತು. ನನಗೆ ದಿಗಿಲಾಯಿತು. ಕಂಬಳಿಗಳನ್ನೆಲ್ಲ ವಾಪಸ್ ತರಿಸಿ ಗಾಜಿನ ಬೀರುವಿನಲ್ಲಿಟ್ಟು ನಂಬರು ಅಂಟಿಸಿದೆ. ಅವ್ವನ ಸೊಂಟದಿಂದ ಬೀಗದ ಕೈಯನ್ನೂ ಬಿಚ್ಚಿಸಿಕೊಂಡೆ.

ಮಾರನೇ ವಾರ ಹಟ್ಟಿಯಿಂದ ಕುರಿ ಕಾಯುವ ಮನೆಯ ಯಜಮಾನ ಹೆಂಡತಿಯನ್ನು ಕರೆದುಕೊಂಡು ಬಂದ.

"ಮಗನ ಮದುವೆ ಐತ್ರಿ ಸೆಕ್ರೆಟ್ರಮ್ಮಾರೆ. ಗದ್ದುಗೆ ಹಾಕಾಕೆ ಕಂಬಳಿ ಬೇಕಿತ್ತು. ನಮ್ಮ ತಾತ ನೇಯ್ದಿದ್ದು. ನಮ್ಮಪ್ಪ, ನಾನು, ಎಲ್ರೂ ಅದರ ಮ್ಯಾಲೇ ಕುಂತು ತಾಳಿ ಕಟ್ಟಿದ್ದು."

"ಅದೀಗ ಪಂಚಾಯ್ತಿ ಆಸ್ತಿ. ಚಳ್ಳಕೆರೆ ಸಂತೇಲಿ ಬೇಕಾದಷ್ಟು ಹೊಸ ಕಂಬಳಿ ಸಿಗ್ತವಲ್ಲ" ಎಂದೆ.

ಮೂಲೆಯಲ್ಲಿ ಕೂತಿದ್ದ ಅವ್ವನ ಕದಿರು ನಿಂತಿತು. ಅವಳು ಎದ್ದು ಹೊರಗೆ ಹೋದಳು.

ಮದುವೆ ಹೊಸ ಕಂಬಳಿಯ ಮೇಲೆ ನಡೆಯಿತು. ಆದ ಮೂರನೇ ದಿನ ಆ ಯಜಮಾನ ಮತ್ತೆ ಬಂದ, ಈ ಸಲ ಜೊತೆಯಲ್ಲಿ ಇಬ್ಬರು ಹಿರಿಯರು.

"ನಮ್ದು ನಮಗೆ ಕೊಟ್ಬುಡ್ರಿ. ಇಲ್ಲಿಟ್ರೂ ನಮ್ದಾಗೇ ಇರ್ತೈತೆ ಅಂತ ಅವ್ವ ಹೇಳಿದ್ಲು, ಅದ್ಕೇ ಕೊಟ್ಟಿದ್ವಿ."

ಫೈಲು ತೆಗೆದು ನೋಡಿದೆ. ದಾನಪತ್ರ ಎಂಬುದು ಒಂದೇ ಒಂದು ಸಾಮಾನಿಗೂ ಇರಲಿಲ್ಲ. ಅಷ್ಟೂ ಅವ್ವನ ಬಾಯಿಮಾತಿನ ಮೇಲೆ ಬಂದು ಕೂತದ್ದು. ಯಾವ ಬಾಯಲ್ಲಿ ಇಲ್ಲವೆನ್ನಲಿ? ಕಂಬಳಿ ಹೋಯಿತು. ಸುದ್ದಿ ಹಬ್ಬಿದ್ದೇ ತಡ, ಗುಡಾಣದವರು ಬಂದರು, ಕೊಳಗದವರು ಬಂದರು. ವಾರದೊಳಗೆ ಮನೆಯಲ್ಲಿ ಉಳಿದದ್ದು ಎತ್ತಲಾಗದ ಮಗ್ಗ, ಬೀಸುವ ಕಲ್ಲು, ನಂಬರು ಅಂಟಿಸಿದ ಖಾಲಿ ಬೀರು. ಅಧಿಕಾರಿ ಬರಲು ಇನ್ನು ನಾಲ್ಕು ದಿನ. ಕಾಪಾಡುತ್ತೇನೆ ಎಂದು ಹೊರಟು ನಾನೇ ಮನೆ ತೊಳೆದಿದ್ದೆ.

ಅವ್ವನ ಮನೆಗೆ ಹೋಗಿ ಬೀಗದ ಕೈ ಅವಳ ಮುಂದಿಟ್ಟೆ. "ತಪ್ಪಾಯ್ತವ್ವ" ಎಂದೆ. ಅಳು ಬಂದುಬಿಟ್ಟಿತು. ಅವಳು ಬೀಗದ ಕೈ ಸೊಂಟಕ್ಕೆ ಕಟ್ಟಿಕೊಂಡಳು.

"ಚಪ್ಪಲಿ ಮೆಟ್ಕಳಮ್ಮ. ಹಟ್ಟಿ ದಾರೀಲಿ ಮುಳ್ಳು ಜಾಸ್ತಿ."

ಅಷ್ಟೇ. ಒಂದು ಮಾತು ಬೈದಿದ್ದರೆ ನನಗೇ ಹಗುರವಾಗುತ್ತಿತ್ತು.

ಹಟ್ಟಿಯಲ್ಲಿ ಯಜಮಾನನ ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ಲೋಟ ಕೆಳಗಿಟ್ಟು, "ಕಂಬಳಿ ವಾಪಸ್ ಕೊಡಿ. ನಿಮಗೆ ಯಾವಾಗ ಬೇಕೋ ಆವಾಗ ಬನ್ನಿ, ನನ್ನ ಕೈಯಾರೆ ನಾನೇ ತೆಗೆದುಕೊಡ್ತೀನಿ" ಎಂದೆ. ಯಜಮಾನ ನನ್ನ ಮುಖ ನೋಡಲಿಲ್ಲ, ಅವ್ವನ ಮುಖ ನೋಡಿದ.

"ಈಯಮ್ಮನ ಮಾತಿಗೆ ನಾನಿದೀನಿ" ಎಂದಳು ಅವ್ವ. ಕದಿರು ಮತ್ತೆ ತಿರುಗತೊಡಗಿತ್ತು. ಅವನು ಕಂಬಳಿ ಎತ್ತಿಕೊಟ್ಟದ್ದು ತಿಳಿದು ಉಳಿದವರೂ ಒಬ್ಬೊಬ್ಬರಾಗಿ ತಂದಿಟ್ಟರು, ಕಂಬಳಿಗಳು ಮತ್ತೆ ಗೂಟಕ್ಕೇರಿದವು.

ಅಧಿಕಾರಿ ಬಂದ ದಿನ ಸಾಮಾನುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು, ಎರಡು ಕಂಬಳಿ ಬಿಟ್ಟು. ಅಧಿಕಾರಿಯ ಬೆರಳು ಸರಿಯಾಗಿ ಆ ಗೂಟಗಳ ಉಣ್ಣೆಯ ಕಡೆಗೇ ಹೋಗಬೇಕೆ? ರಿಪೇರಿಗೆ ಕಳಿಸಿದ್ದೇವೆ ಎಂಬ ಸುಳ್ಳು ನನ್ನ ನಾಲಿಗೆಯ ತುದಿಯಲ್ಲಿತ್ತು. ಅವ್ವ ಮೊದಲೇ ಬಾಯಿ ಹಾಕಿದಳು.

"ಮದುವೆಗೆ ಹೋಗೈತೆ ಸ್ವಾಮಿ. ನಾಳಿದ್ದು ಬರ್ತೈತೆ."

"ಬರದೇ ಹೋದರೆ?"

"ಬರ್ದಿದ್ರೆ ಈ ಊರೇ ಇಲ್ಲ ಅಂತ ತಿಳ್ಕಳ್ರಿ."

ಅಧಿಕಾರಿ ಬಾಗಿ ಬೀಸುವ ಕಲ್ಲನ್ನು ಒಂದು ಸುತ್ತು ತಿರುಗಿಸಿದರು. ವಸ್ತುಗಳು ಬಳಕೆಯಲ್ಲಿವೆ, ಮನೆ ಪಂಚಾಯ್ತಿಯಲ್ಲೇ ಇರಲಿ ಎಂದು ಬರೆದು ಹೋದರು.

ಆಮೇಲಿನ ವರ್ಷಗಳಲ್ಲಿ ನಾನೂ ಬಾಗಿಲಲ್ಲಿ ಚಪ್ಪಲಿ ಬಿಟ್ಟೆ, ಮಾಳಿಗೆ ಹತ್ತಿ ಮಣ್ಣು ಹರವಿದೆ. ಉಣ್ಣೆ ಮುಟ್ಟಿ ಹಟ್ಟಿ ಹೇಳುವುದನ್ನು ಕಲಿಸಲು ಅವ್ವ ಎಷ್ಟೋ ಪ್ರಯತ್ನಪಟ್ಟಳು. "ನಿನ್ನ ಬೆರಳು ಬರೀ ಪೆನ್ನು ಹಿಡಿಯಾಕೆ ಸೈ" ಎಂದು ಗೇಲಿ ಮಾಡಿ ಕೊನೆಗೆ ಕೈಬಿಟ್ಟಳು.

ಹೋದ ವರ್ಷ ಒಂದು ಬೆಳಗ್ಗೆ ಮ್ಯೂಸಿಯಂ ಬಾಗಿಲು ತೆರೆಯಲಿಲ್ಲ. ಅವ್ವ ಮನೆಯಲ್ಲಿ ಮಲಗಿದವಳು ಏಳಲೇ ಇಲ್ಲವೆಂದು ಹೇಳಿ ಅವಳ ಮಗಳು ಬೀಗದ ಕೈಯನ್ನೂ ಕದಿರನ್ನೂ ತಂದು ನನ್ನ ಮೇಜಿನ ಮೇಲಿಟ್ಟಳು. ಹಿಂದೆಯೇ ಹಟ್ಟಿಯ ಯಜಮಾನ ಬಂದ. ಓಡೋಡಿ ಬಂದವನಿಗೆ ಏದುಸಿರು.

"ಕಂಬಳಿ ಬೇಕಿತ್ತು ಸೆಕ್ರೆಟ್ರಮ್ಮಾರೆ. ಅವ್ವಗೆ ಹೊದ್ಸಾಕೆ. ಮಣ್ಣಾಗೇ ಹೋಗ್ತೈತೆ. ಈ ಸಲ ವಾಪಸ್ ಬರಂಗಿಲ್ಲ. ಏನಂತೀರಿ?" ಎಂದ.

ಮಾತು ಕೊಟ್ಟಾಗಿತ್ತು. ನಾನೇ ಬೀಗ ತೆಗೆದೆ, ನಾನೇ ಗೂಟದಿಂದ ಕಂಬಳಿ ಇಳಿಸಿ ಅವನ ತೋಳಿಗೆ ಹಾಕಿದೆ. ಗಾಬರಿಯಲ್ಲಿ ಅವನು ಉಣ್ಣೆ ತರುವುದನ್ನು ಮರೆತಿದ್ದ. ಅವ್ವನ ಕದಿರಿನಲ್ಲಿ ಅರ್ಧ ನೂತು ಬಿಟ್ಟ ಉಣ್ಣೆಯಿತ್ತು. ಅದರಿಂದ ಒಂದಿಷ್ಟು ಬಿಡಿಸಿ ಗೂಟಕ್ಕೆ ಕಟ್ಟಿದೆ.

ಈಗ ನನಗೆ ಮೊಳಕಾಲ್ಮೂರಿನ ಕಡೆ ವರ್ಗವಾಗಿದೆ. ಇಲ್ಲಿ ಕಂಬಳಿಗೆ ಗೊಂಗಡಿ ಎನ್ನುವವರೇ ಹೆಚ್ಚು. ಮೊನ್ನೆ ಆ ಊರಿಗೆ ಹೊಸದಾಗಿ ಬಂದ ಕಾರ್ಯದರ್ಶಿ ಫೋನು ಮಾಡಿದ್ದ.

"ಮೇಡಂ, ಸ್ಟಾಕ್ ನೋಡ್ತಿದ್ದೀನಿ. ಒಂದು ಗೂಟದಲ್ಲಿ ಬರೀ ಉಣ್ಣೆ ಕಟ್ಟೈತೆ. ಕಂಬಳಿ ಎಲ್ಲಿ?"

"ಹೋಗೈತೆ" ಎಂದೆ. ಬರ್ತೈತೆ ಎನ್ನುವಂತಿರಲಿಲ್ಲ.

"ಹಂಗಾದ್ರೆ ಈ ಉಣ್ಣೆ ಬಿಚ್ಚಿ ಬಿಸಾಕ್ಲಾ ಮೇಡಂ?"

"ಬೇಡಪ್ಪಾ" ಎಂದೆ. "ಅದು ಅವ್ವಂದು."