ಮರಿಗಳು ಕೇಳದ ಸಪ್ಪಳ

ಕಳೆದ ವಾರ ಬೀದರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತವನ ಕೈಚೀಲದಿಂದ ಒಂದು ನಾಯಿಮರಿ ತಲೆ ಹೊರಗೆ ಹಾಕಿತು. ಎಳೆಯ ಮರಿಯ ಬಾಯಿಗೆ ಒಂದು ವಾಸನೆ ಇರುತ್ತದೆ, ನೀವೂ ಗಮನಿಸಿರಬಹುದು. ಹಾಲಿನ ವಾಸನೆ ಹೌದು, ಆದರೆ ಬರಿಯ ಹಾಲಲ್ಲ. ಉಕ್ಕಿ ಒಲೆಯ ಮೇಲೆ ಚೆಲ್ಲಿ ತುಸು ಸೀದ ಹಾಲು. ಕೆಲವೇ ವಾರ ಇದ್ದು ಆಮೇಲೆ ತಾನಾಗಿ ಹೋಗಿಬಿಡುತ್ತದೆ. ಅದನ್ನು ಮೂಸುತ್ತ ಕುಳಿತಿರುವಾಗ ನಾನು ಹತ್ತಬೇಕಾದ ಬಸ್ಸು ಹೊರಟುಹೋಯಿತು. ಮನೆಯಲ್ಲಿ ಕಾಯುವವರು ಯಾರೂ ಇಲ್ಲದ್ದರಿಂದ ಅವಸರ ಮಾಡಲಿಲ್ಲ.

ಭಾಲ್ಕಿಯ ಸಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಾಗ ನಾನು ಸುಭದ್ರಾ ಕಾಕು ಅವರ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕಾಕು ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಮದುವೆ ಮಾಡಿಕೊಂಡಿರಲಿಲ್ಲ; ಊರಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಊರಿನ ಅರ್ಧ ಮಂದಿ ಅವರ ಕೈಯಲ್ಲೇ ಹುಟ್ಟಿದ್ದರಂತೆ. ಕೆಲಸ ಮುಗಿದ ಮೇಲೆ ಕೈ ಸುಮ್ಮನಿರಲಾರದೆ ಕಾರವಾನಿ ನಾಯಿಗಳ ಮರಿ ಬೆಳೆಸಲು ಶುರುಮಾಡಿದ್ದರು. ಉದ್ದ ಕಾಲು, ಒಣಗಿದ ಹೊಟ್ಟೆ, ಚೂಪು ಮೋರೆಯ ಈ ನಾಯಿಗಳನ್ನು ಔರಾದ, ಕಮಲನಗರದ ಕಡೆಯವರು ಹೊಲ ಕಾಯಲು ಒಯ್ಯುತ್ತಾರೆ. ಅಂಜುಬುರುಕ ತಾಯಿಯಿಂದ ಕಾಕು ಮರಿ ತೆಗೆಯುತ್ತಿರಲಿಲ್ಲ. ಒಡಹುಟ್ಟಿದವುಗಳ ಜೊತೆ ಕಚ್ಚಾಡಿ, ಎಷ್ಟು ಕಚ್ಚಿದರೆ ನೋಯುತ್ತದೆ ಎಂದು ತಿಳಿಯುವ ಮುಂಚೆ ಯಾರು ಬೇಡಿದರೂ ಕೊಡುತ್ತಿರಲಿಲ್ಲ.

ಅವರದೇ ಒಂದು ಪದ್ಧತಿಯಿತ್ತು. ಅದಕ್ಕೆ ಅವರು ‘ಉಡಿ ತೋರಿಸೂದು’ ಎನ್ನುತ್ತಿದ್ದರು. ಕಣ್ಣು ತೆರೆದ ಮರಿ ಹತ್ತಾರು ಮಂದಿಯ ಮಡಿಲು ನೋಡಬೇಕು: ಗಡ್ಡದವರದು, ಬುರ್ಖಾ ಹಾಕಿದವರದು, ಕೋಲು ಹಿಡಿದ ಮುದುಕರದು, ಕಿರಿಚುವ ಮಕ್ಕಳದು. ಸಂಜೆಯಾದರೆ ಕಾಕು ಬಾಗಿಲಲ್ಲಿ ನಿಂತು, “ಯಾಕ ಹಂಗೇ ಹೊಂಟ್ರಿ? ಬರ್ರಿ, ಜರಾ ಕೂಡ್ರಿ. ಚಾ ಕುಡೀರಿ, ಮರಿ ಹಿಡೀರಿ,” ಎಂದು ಓಣಿಯವರನ್ನೆಲ್ಲ ಒಳಗೆ ಎಳೆಯುತ್ತಿದ್ದರು. ಪಕ್ಕದ ಬಟ್ಟೆ ಅಂಗಡಿಯ ಶಿವಲಿಂಗಪ್ಪನವರು ಬರದ ಸಂಜೆಯೇ ಇರಲಿಲ್ಲ. ಹೆಗಲ ಮೇಲಿನ ಟಾವೆಲ್ಲನ್ನು ತೊಡೆಯ ಮೇಲೆ ಹಾಸಿಕೊಂಡು, “ಕೊಡ್ರಿ ಕಾಕು, ನಿಮ್ಮ ಮೊಮ್ಮಗನ್ನ,” ಎನ್ನುವರು. ಮರಿ ಟಾವೆಲ್ ತೋಯಿಸಿದರೆ, “ಬೋಣಿ ಆಯ್ತು,” ಎಂದು ನಗುವರು.

ನಾನು ಕೋಣೆ ಕೇಳಲು ಹೋದ ದಿನವೇ, ಹೆಸರು ಹೇಳುವ ಮೊದಲೇ, ಕಾಕು ನನ್ನ ಮಡಿಲಿಗೆ ಒಂದು ಮರಿ ಹಾಕಿದ್ದರು. ಗುರುತಿನವರು ಎದುರು ಬಂದರೆ ರಸ್ತೆ ದಾಟಿ ಆಚೆ ಹೋಗುವ ಸ್ವಭಾವ ನನ್ನದು. ಅಂಥವಳು ಸಂಜೆಯ ಆ ಗುಂಪಿನಲ್ಲಿ ಕೂತು, ಯಾರ ಮಗಳಿಗೆ ಎಲ್ಲಿಯ ವರ ಬಂದಿದೆ ಎಂಬುದನ್ನೆಲ್ಲ ಕೇಳತೊಡಗಿದೆ. ಆ ಮನೆಯಲ್ಲಿ ಮರಿಗಳಿಗಿಂತ ಹೆಚ್ಚು ಪಳಗಿದವಳು ನಾನೇ ಇರಬೇಕು.

ಮರಿ ಹೆದರಿದಾಗ ಎತ್ತಿಕೊಳ್ಳಕೂಡದು ಎಂಬುದು ಕಾಕು ಅವರ ಇನ್ನೊಂದು ನಿಯಮ. ಅಡುಗೆಮನೆಯಲ್ಲಿ ತಾಟು ಬೀಳಿಸುವರು; ಮೊದಲು ದೂರದಲ್ಲಿ, ಆಮೇಲೆ ಹತ್ತಿರ. ಬೆಚ್ಚಿ ಓಡಿದ ಮರಿಯ ಹಿಂದೆ ನಾನು ಎದ್ದರೆ, “ಕೂಡು ತಂಗಿ. ನೀ ಬೆನ್ನ ಹತ್ತಿದ್ರ ಖರೇನ ಏನೋ ಆಗ್ಯದ ಅಂತ ತಿಳೀತದ. ನೀ ಇದ್ದಲ್ಲೇ ಇರು, ಅದೇ ಬರ್ತದ,” ಎನ್ನುವರು. ಅದೇ ಬರುತ್ತಿತ್ತು. ಕುಕ್ಕರಿನ ಸೀಟಿ, ಮಿಕ್ಸರಿನ ಗುರ್ರು, ಮಸೀದಿಯ ಬಾಂಗು, ಮಠದ ಭಜನೆ, ಯಾವುದಕ್ಕೂ ಕಿವಿ ನಿಮಿರಿಸದಷ್ಟು ಆ ಮರಿಗಳು ಗಟ್ಟಿಯಾಗುತ್ತಿದ್ದವು. ಲಸಿಕೆಯ ಸೂಜಿಗಳೆಲ್ಲ ಮುಗಿಯುವ ತನಕ ಮಾತ್ರ ಹೊರಗೆ ಬಿಡುತ್ತಿರಲಿಲ್ಲ. ಬೀದಿಯ ಮಣ್ಣಿನಲ್ಲಿ ಮರಿಗಳನ್ನು ಕೊಲ್ಲುವ ರೋಗವಿರುತ್ತದೆ.

ಒಂದು ಬೂದಿಬಣ್ಣದ ಗಂಡುಮರಿಯನ್ನು ಚಿಂತಾಕಿಯ ಮಾಣಿಕರಾವ್ ಎಂಬವರು ಒಯ್ದರು. ಮಿಲಿಟರಿಯಿಂದ ಬಂದು ಹೊಲ ಮಾಡಿಕೊಂಡವರು, ಒಳ್ಳೆಯ ಮನುಷ್ಯ. ಕೆಲವು ದಿನಕ್ಕೆ ಅವರ ಫೋನು ಬಂತು. “ನರ್ಸಬಾಯಿ, ನಿಮ್ಮ ಮರಿಗಿ ಏನಾಗ್ಯದ್ರಿ? ನನಗ ನೋಡಿದ್ರ ಹುಲಿ ಕಂಡಂಗ ಮಾಡ್ತದ. ಬಂಡಿ ಕೆಳಗ ಹೊಕ್ಕದ್ದು ಹೊರಗ ಬರವಲ್ದು. ತಿನ್ನೂದು ಬಿಟ್ಟದ.” ಕಾಕು ಕೂಡಲೇ ಸೀರೆ ಬದಲಿಸಿದರು. ನಾನೂ ಹೋದೆ. ಔರಾದದಲ್ಲಿ ಬಸ್ಸು ಬದಲಿಸುವ ತನಕ ಅವರು ಒಂದೇ ಮಾತಾಡಿದ್ದು: “ಹಿಂಗಾಗಬಾರದಿತ್ತು.”

ಅಲ್ಲಿ ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಮರಿ ಎತ್ತಿನ ಬಂಡಿಯ ಗಾಲಿಗೆ ಬೆನ್ನು ಒತ್ತಿಕೊಂಡು, ತಾನೇ ತೋಯಿಸಿದ ನೆಲದ ಮೇಲೆ ಮುದುಡಿತ್ತು. ಪಕ್ಕೆಲುಬು ಕಾಣುತ್ತಿದ್ದವು. ನಡುಕ ಬಾಲದಿಂದ ಹೊರಟು ಮೈಯೆಲ್ಲ ಹಾದು ಹಲ್ಲುಗಳಿಗೆ ಬರುತ್ತಿತ್ತು. ಹಲ್ಲು ಒಂದಕ್ಕೊಂದು ಬಡಿಯುವುದು ನನಗೆ ಕೇಳಿಸಿತು. ಕಾಕು ಅವರ ದನಿಗೂ ಅದು ಬರಲಿಲ್ಲ. ಯಾವ ಮನುಷ್ಯನಿಗೂ ಅಂಜದೆ ಬೆಳೆದ ಮರಿ ಅದು.

ಕಾಕು ದೂರದಲ್ಲಿ, ಅದಕ್ಕೆ ಬೆನ್ನು ಮಾಡಿ, ನೆಲದ ಮೇಲೆ ಕುಳಿತರು. ಮಾಣಿಕರಾವ್ ಅವರ ಹೆಂಡತಿ ಬರಿಗಾಲಲ್ಲಿ ನೀರು ತಂದಿಟ್ಟು ಹೋದರು. ಮರಿಯ ನಡುಕ ಹೆಚ್ಚಲಿಲ್ಲ. ಮಾಣಿಕರಾವ್ ಹಾಸುಗಲ್ಲಿನ ಮೇಲೆ ಬಂದರು, ಹೆಚ್ಚಿತು. ಹೊಲದಲ್ಲಿ ಹಾವಿನ ಕಾಟವೆಂದು ಅವರು ಇಡೀ ದಿನ ಮಿಲಿಟರಿಯ ಬೂಟು ಹಾಕಿಕೊಂಡೇ ಇರುತ್ತಿದ್ದರು.

“ರಾವಸಾಹೇಬ್ರ, ಅದು ನಿಮ್ಮ ಮುಖ ನೋಡವಲ್ದು,” ಎಂದರು ಕಾಕು. “ಕಾಲು ನೋಡ್ತದ.”

ಆಮೇಲೆ ನನ್ನ ಕಡೆ ತಿರುಗಿ, ಬಹಳ ಮೆಲ್ಲಗೆ, “ತಂಗಿ, ನಮ್ಮನಿಗಿ ಬಂದವರು ಚಪ್ಪಲ್ ಎಲ್ಲಿ ಬಿಡ್ತಾರ?” ಎಂದು ಕೇಳಿದರು.

ಹೊಸ್ತಿಲಲ್ಲಿ. ಮತ್ತೆಲ್ಲಿ ಬಿಡುತ್ತಾರೆ? ಒಂದು ದಿನವಾದರೂ ಯಾರಾದರೂ ಚಪ್ಪಲಿಯಲ್ಲಿ ಒಳಗೆ ಬಂದದ್ದುಂಟೆ? ಲೋಕದ ಸದ್ದನ್ನೆಲ್ಲ ಕೇಳಿಸಿ ಬೆಳೆಸಿದ ಮರಿಗಳು ಕಾಲಿಗೆ ಹಾಕುವ ತೊಗಲಿನ ಸಪ್ಪಳವನ್ನು ಒಮ್ಮೆಯೂ ಕೇಳಿರಲಿಲ್ಲ. ಮನುಷ್ಯನೆಂದರೆ ಬರಿಗಾಲಿನ ಪ್ರಾಣಿ ಎಂದೇ ಅವು ತಿಳಿದಿದ್ದವು.

“ಜಾವೂ ದ್ಯಾ ಬಾಯಿ,” ಎಂದರು ಮಾಣಿಕರಾವ್, ಹೋಗಲಿ ಬಿಡಿ ಎಂಬ ಅರ್ಥದಲ್ಲಿ. “ವಾಪಸ್ ಒಯ್ರಿ. ಪಾಪ, ಸಾಯ್ತದ.”

“ಒಯ್ಯೂದಿಲ್ರಿ. ಇವತ್ತ ಒಯ್ದ್ರ ಅದಕ್ಕ ನನ್ನ ಮನಿ ಬಿಟ್ಟು ಜಗತ್ತೇ ಇಲ್ಲ. ನಾ ಎಷ್ಟ ದಿನ ಇರ್ತೇನಿ? ಆ ಬೂಟು ಇಲ್ಲಿ ಕೊಡ್ರಿ.”

ಕಾಕು ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಕ್ಕಿಸಿ ಆ ದೊಡ್ಡ ಬೂಟುಗಳಲ್ಲಿ ಕಾಲಿಟ್ಟರು. ಅಂಗಳದ ಆಚೆ ತುದಿಯಲ್ಲಿ, ದವಾಖಾನೆಯ ವಾರ್ಡಿನಲ್ಲಿ ರೋಗಿಗಳ ಜೊತೆ ಆಡುವಂಥ ಮಾತನ್ನು ಬಾಯಿಗೆ ಬಂದಂತೆ ಆಡುತ್ತ, ಧಪ್ ಧಪ್ ಎಂದು ನಡೆದಾಡಿದರು. ಮಾಣಿಕರಾವ್ ಅವರ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕರು. ನಡುಗುವ ಮರಿ ಆ ಪರಿಚಯದ ದನಿಯನ್ನೂ ಅಪರಿಚಿತ ಸಪ್ಪಳವನ್ನೂ ಒಟ್ಟಿಗೆ ಕೇಳುತ್ತಿತ್ತು. ಕಾಕು ತುಸು ಹತ್ತಿರ ಬರುವರು, ನಿಲ್ಲುವರು, ಹಿಂದೆ ಹೋಗುವರು. ಬಿಸಿಲು ಇಳಿಯುವ ಹೊತ್ತಿಗೆ ಅವರು ಕಾಲು ಚಾಚಿ ಕುಳಿತಿದ್ದರು. ಮರಿ ತೆವಳಿಕೊಂಡು ಬಂದು ಬೂಟಿನ ಮೂತಿಯನ್ನು ಮೂಸಿ, ಅದರ ಮೇಲೆಯೇ ಗದ್ದ ಇಟ್ಟಿತು. ಆಮೇಲೆ ಮಾಣಿಕರಾವ್ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಅದಕ್ಕೆ ರೊಟ್ಟಿ ನೆನೆಸಿದ ಹಾಲು ಇಟ್ಟರು. ಅದು ಕುಡಿಯಿತು. ನಾವು ಮರಿಯನ್ನು ಅಲ್ಲೇ ಬಿಟ್ಟು ಬಂದೆವು. ಅದು ಅಲ್ಲೇ ದೊಡ್ಡದಾಯಿತು.

ಮುಂದಿನ ಮರಿಗಳು ಹುಟ್ಟಿದಾಗ ಕಾಕು ಹೊಸ್ತಿಲಲ್ಲಿ ಔಷಧಿ ನೀರಿನ ತಟ್ಟೆ ಇಟ್ಟರು. ಬೀದಿಯ ರೋಗ ಒಳಗೆ ಬಾರದಂತೆ ಚಪ್ಪಲಿಯ ತಳ ಅದರಲ್ಲಿ ಅದ್ದಿ, ಹಾಕಿಕೊಂಡೇ ಒಳಗೆ ಬರಬೇಕು. ಜನ ಮೊದಲು ಚೇಷ್ಟೆ ಎಂದುಕೊಂಡರು. ಶಿವಲಿಂಗಪ್ಪನವರು ಹೊಸ್ತಿಲ ಹೊರಗೆ ಬಹಳ ಹೊತ್ತು ನಿಂತರು.

“ಮರಿಗೊಳಿಗಿ ಛಲೋ ಆಗ್ಲಿ ಕಾಕು. ಆದ್ರ ಲಿಂಗಪೂಜಿ ಆಗೂ ಮನ್ಯಾಗ ಕಾಲಾಗ ಹಾಕ್ಕೊಂಡು ಹ್ಯಾಂಗ ಬರ್ಲಿ?”

“ಪೂಜಿ ಮಾಡಾಕಿ ನಾ ಇದ್ದೇನಿ. ನಾ ಬರ್ರಿ ಅಂತೇನಿ.”

“ನೀವು ಅಂತೀರಿ. ಕಾಲು ಏಳವಲ್ದು,” ಎಂದರು. ಅದು ಸಿಟ್ಟಲ್ಲ; ಕಾಲು ನಿಜವಾಗಿಯೂ ಏಳಲಿಲ್ಲ. ಹಾಗೆಯೇ ಉಳಿದವರೂ. “ಆರಾಮ ಇದ್ದೀರಿ, ಕಾಕು?” ಎಂದು ಹೊರಗಿನಿಂದಲೇ ಕೇಳಿ ಮುಂದೆ ಹೋಗುವರು. ಆಗ ಕಾಕು ತಾವೇ ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಉಡಿ ತೋರಿಸಿ ಬಂದರು. ಮರಿಗಳಿಗೆ ಏನೂ ಕಡಿಮೆಯಾಗಲಿಲ್ಲ. ಸಂಜೆಗೆ ಆ ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ಸಾಲೆಯ ಬೂಟು ಹಾಕಿಕೊಂಡು ಕುರ್ಚಿಯ ಮೇಲೆ ನಾನು, ನನ್ನ ಲೇಸು ಎಳೆಯುವ ಮರಿಗಳು, ಚಹಾದ ದೊಡ್ಡ ಪಾತ್ರೆಯ ತಳದಲ್ಲಿ ಎರಡೇ ಕಪ್ಪಿನಷ್ಟು ಚಹಾ.

ನನಗೆ ಬೀದರಿಗೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ ಒಮ್ಮೆ ಹೋದಾಗ ತಾಯಿನಾಯಿ ಇರಲಿಲ್ಲ, ಮರಿಗಳೂ ಇರಲಿಲ್ಲ, ತಟ್ಟೆ ಒಣಗಿತ್ತು. ನಾನು ಹೊಸ್ತಿಲಲ್ಲಿ ಬಗ್ಗಿ ಚಪ್ಪಲಿ ಬಿಡುತ್ತಿದ್ದಂತೆ ಒಳಗಿನಿಂದ, “ಬಿಡಬ್ಯಾಡ ತಂಗಿ, ಹಂಗೇ ಬಾ,” ಎಂಬ ದನಿ.

“ಈಗ ಮರಿ ಎಲ್ಲಿ ಅವ, ಕಾಕು?”

“ಮರಿಗಲ್ಲ, ನನಗ. ಬರಿಗಾಲಿನವರು ಬಂದದ್ದೂ ತಿಳೀವಲ್ದು, ಹೋದದ್ದೂ ತಿಳೀವಲ್ದು.”

ನಾನು ಹಾಗೆಯೇ ಹೋದೆ. ನಡುಮನೆಯ ಕಲ್ಲಿನ ಮೇಲೆ ನನ್ನ ಚಪ್ಪಲಿ ಸದ್ದು ಮಾಡುವಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು. ಅದೇ ಕೊನೆಯ ಭೇಟಿ.

ಕಳೆದ ವಾರ ಬಸ್ಸು ತಪ್ಪಿ ತಡವಾಗಿ ಬಂದ ಆ ದಿನ ನಾನು ಬಾಗಿಲು ತೆರೆದು, ಚಪ್ಪಲಿ ಬಿಡದೆ ಒಳಗೆ ಹೋದೆ. ಮೂರನೆಯ ಮಹಡಿಯ ಈ ಮನೆಯಲ್ಲಿ ಮೊದಲ ಸಲ. ಎರಡು ಕೋಣೆಗಳಲ್ಲಿ ಅತ್ತಿತ್ತ ನಡೆದೆ. ಮರುದಿನವೂ ನಡೆದೆ. ನಿನ್ನೆ ಸಂಜೆ ಯಾರೋ ಬಾಗಿಲು ಬಡಿದರು. ಕೆಳಗಿನ ಮನೆಯ ಹೆಂಗಸು. ಇಷ್ಟು ವರ್ಷಗಳಲ್ಲಿ ಮೆಟ್ಟಿಲ ಮೇಲೆ ತಲೆ ಆಡಿಸಿದ್ದಷ್ಟೇ ಪರಿಚಯ.

“ಟೀಚರ್, ತಪ್ಪ ತಿಳ್ಕೋಬ್ಯಾಡ್ರಿ,” ಎಂದಳು. “ಮ್ಯಾಲ ಏನ್ರಿ ಅದು ಟಕ್ ಟಕ್? ಯಾರರೆ ಬಂದಾರೇನು?”

“ಇಲ್ಲವ್ವ,” ಎಂದೆ. “ಯಾರೂ ಬಂದಿಲ್ಲ.”

ಆಕೆ ನನ್ನ ಕಾಲು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ತನ್ನ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಕೇಳದೆಯೇ, ಒಳಗೆ ಬಂದು ಕುಳಿತಳು.